ಅಣ್ಣನ ಬೆಡ್‌ಸೋರ್ ಮನೆಯಲ್ಲೇ ವಾಸಿಯಾದ ಬಗೆ

ಮಲಗಿದಲ್ಲೇ ಮೈಭಾರ ಒತ್ತಿ ಅಣ್ಣನಿಗಾದ ಈ ಹುಣ್ಣು ಆಪರೇಷನ್ ಮಾಡಿಸದೆ ಕೂಡುವುದಿಲ್ಲ ಎಂದು ವೈದ್ಯರೊಬ್ಬರು ಹೇಳಿದಾಗ ಅದು ನಾಲ್ಕು ಬೆರಳಿನ ಅಗಲವಿತ್ತು, ಹೆಬ್ಬೆರಳಿನ ಮೊದಲ ಗಿಣ್ಣು ಮುಳುಗುವಷ್ಟು ಆಳವಿತ್ತು. ಖರ್ಚು ಒಂದೂವರೆ ಲಕ್ಷದ ಆಸುಪಾಸು ಎಂದಿದ್ದರು. ಏಳೂವರೆ ತಿಂಗಳಲ್ಲಿ ಅದು ಮನೆಯಲ್ಲೇ ಮುಚ್ಚಿತು. ಆಮೇಲೆ ಎರಡು ಮಳೆಗಾಲ ಕಳೆದರೂ ಮತ್ತೆ ಬಾಯಿ ಬಿಟ್ಟಿಲ್ಲ.

2019ರ ಅಡಿಕೆ ಕೊನೆಕೊಯ್ಲಿನಲ್ಲಿ, ಮರವೇರಿ ಕೊನೆ ಇಳಿಸುವ ಕೊನೆಗೌಡ ಬಾರದ ದಿನ ತಾನೇ ಅಡಿಕೆ ಮರವೇರಿದ್ದ ಅಣ್ಣ ಬಿದ್ದ. ಬೆನ್ನುಹುರಿಗೆ ಟಿ12ರ, ಅಂದರೆ ಎದೆಭಾಗದ ಕೊನೆಯ ಬೆನ್ನೆಲುಬಿನ, ಮಟ್ಟದಲ್ಲಿ ಪೆಟ್ಟು, ಸೊಂಟದ ಕೆಳಗೆ ಸ್ಪರ್ಶಜ್ಞಾನವಿಲ್ಲ.

ನಮ್ಮ ಮೊದಲ ತಪ್ಪು ನೀರಿನ ಹಾಸಿಗೆ. ಎರಡು ಸಾವಿರ ಚಿಲ್ಲರೆ ಕೊಟ್ಟು ತಂದು, ಇನ್ನು ಮಗ್ಗುಲು ಬದಲಿಸುವ ಅಗತ್ಯವಿಲ್ಲವೆಂದು ನಂಬಿ ಮನೆಯವರೆಲ್ಲ ರಾತ್ರಿಯಿಡೀ ನಿದ್ದೆ ಮಾಡಿದೆವು. ಬಳಿಕ ಗಾಳಿ ತುಂಬಿದ ಟ್ಯೂಬಿನ ಮೇಲೆ ಕೂರಿಸಿದೆವು. ನಡುವೆ ತೂತಿದ್ದರೆ ಹುಣ್ಣಿನ ಮೇಲೆ ಭಾರ ಬೀಳದೆಂಬುದು ನಮ್ಮ ಲೆಕ್ಕ. ಆದರೆ ಟ್ಯೂಬಿನ ಅಂಚು ಸುತ್ತಲಿನ ರಕ್ತಸಂಚಾರವನ್ನೇ ಒತ್ತಿಹಿಡಿದು, ವಾರದೊಳಗೆ ಹುಣ್ಣಿನ ಸುತ್ತ ಚರ್ಮ ಕಪ್ಪಾಯಿತು. ಹೈಡ್ರೋಜನ್ ಪೆರಾಕ್ಸೈಡ್ ಹಾಕಿದಾಗ ನೊರೆ ಬಂದರೆ ಗಾಯ ಶುದ್ಧವಾಯಿತೆಂದು ಸಂತೋಷಪಟ್ಟೆವು; ಅದು ಆಗಷ್ಟೇ ಚಿಗುರುತ್ತಿದ್ದ ಮಾಂಸವನ್ನೂ ಸುಡುತ್ತಿತ್ತು. ಕರೆಂಟಿನ ಏರ್‌ಬೆಡ್ ಐದು ಸಾವಿರದ್ದು, ಮಳೆಗಾಲದಲ್ಲಿ ಕರೆಂಟ್ ಹೋದೊಡನೆ ಚಪ್ಪಟೆಯಾಗಿ ಅಣ್ಣ ಮಂಚದ ಹಲಗೆಯ ಮೇಲೆ ಮಲಗಿದಂತಾಗುತ್ತಿತ್ತು. ಮೊದಲ ವರ್ಷ ಅರವತ್ತು ಸಾವಿರವಾದರೂ ಹೀಗೇ ಹೋಯಿತು.

ಫಲ ಕೊಟ್ಟಿದ್ದು ಕವುಚಿ ಮಲಗಿಸಿದ್ದು. ಊರಿನ ಬಡಗಿಯಿಂದ ಹಲಸಿನ ಹಲಗೆಗೆ ನಾಲ್ಕು ಚಕ್ರ ಹಾಕಿಸಿ ಟ್ರಾಲಿ ಮಾಡಿಸಿದೆ. ಸುಮಾರು ನಾಲ್ಕೂವರೆ ಸಾವಿರವಾಯಿತು. ಎದೆಗೂ ತೊಡೆಗೂ ಫೋಮ್ ತುಂಡುಗಳನ್ನಿಟ್ಟು, ಮಂಡಿ ಮತ್ತು ಕಾಲ್ಬೆರಳು ಎಲ್ಲಿಯೂ ತಾಗದಂತೆ ಬಿಟ್ಟೆವು. ಫೋಮಿನ ಅಳತೆಯನ್ನು ಇಲ್ಲಿ ಬರೆಯುವುದಿಲ್ಲ; ನಮ್ಮದನ್ನು ಹಾಗೆಯೇ ನಕಲು ಮಾಡಿದ ಒಬ್ಬರಿಗೆ ಮಂಡಿಯಲ್ಲಿ ಹುಣ್ಣಾಯಿತು, ಆದ್ದರಿಂದ ಮನೆಗೆ ಬಂದವರಿಗೆ ಮಾತ್ರ ತೋರಿಸುತ್ತೇನೆ. ಮೊದಲು ಅರ್ಧ ಗಂಟೆ, ನಿಧಾನವಾಗಿ ಹೆಚ್ಚಿಸಿ ದಿನಕ್ಕೆ ಐದಾರು ಗಂಟೆಯವರೆಗೆ ತಂದೆವು. ಅಣ್ಣ ಅದರ ಮೇಲೆ ಕವುಚಿಕೊಂಡೇ ಅಂಗಳಕ್ಕೆ ಬಂದು, ತಟ್ಟೆಯಲ್ಲಿ ಹರವಿದ ಚಾಲಿ (ಬಿಸಿಲಿಗೆ ಒಣಗಿಸಿದ) ಅಡಿಕೆಯಿಂದ ಗೋಟು, ಅಂದರೆ ಕಳಪೆ ಅಡಿಕೆ, ಆರಿಸಿ ಹಾಕುತ್ತಿದ್ದ. ಬಿದ್ದ ಮೇಲೆ ಅವನು ಮಾಡಿದ ಮೊದಲ ಕೆಲಸ ಅದು. ಆ ದಿನ ಆಯಿ (ಅಮ್ಮ) ಒಳಗೆ ಹೋಗಿ ಅತ್ತಳು.

ಮಗ್ಗುಲು ಬದಲಿಸಲು ರಾತ್ರಿ ಹತ್ತು ಮತ್ತು ಹನ್ನೆರಡರ ಪಾಳಿ ಅತ್ತಿಗೆಯದು, ಎರಡು ಮತ್ತು ನಾಲ್ಕರದ್ದು ನನ್ನದು, ಆರು ಗಂಟೆಗೆ ಆಯಿ. ಪೂರ್ತಿ ಮಗ್ಗುಲಿಗೆ ಹಾಕಿದರೆ ಸೊಂಟದ ಪಕ್ಕದ ಎಲುಬಿನ ಮೇಲೆ ಭಾರ ಬೀಳುತ್ತದೆಂದು ದಿಂಬು ಕೊಟ್ಟು ಓರೆಯಾಗಿ ಮಲಗಿಸುತ್ತಿದ್ದೆವು. ಮಂಚಕ್ಕೆ ಕಟ್ಟಿದ ನೋಟ್‌ಬುಕ್ಕಿನಲ್ಲಿ ತಿರುಗಿಸಿದವರು ಸಹಿ ಹಾಕಬೇಕಿತ್ತು. ನನ್ನ ನಾಲ್ಕು ಗಂಟೆಯ ಸಹಿ ಹನ್ನೊಂದು ದಿನ ಇಲ್ಲದ್ದನ್ನು ಅತ್ತಿಗೆ ತೋರಿಸಿದರು; ಆ ತಿಂಗಳು ಹುಣ್ಣು ಕಿರಿದಾಗಿರಲಿಲ್ಲ.

ಡಯಾಪರ್ ಬಿಟ್ಟು, ನಾಲ್ಕೈದು ಗಂಟೆಗೊಮ್ಮೆ ಅವನೇ ಕ್ಯಾಥೆಟರ್ (ಮೂತ್ರ ಹೊರಬಿಡುವ ಸಣ್ಣ ನಳಿಕೆ) ಹಾಕಿ ತೆಗೆಯುವುದನ್ನು ಕಲಿತ ಮೇಲೆ ಗಾಯದ ಸುತ್ತ ಒದ್ದೆಯಾಗುವುದು ನಿಂತಿತು. ಡ್ರೆಸಿಂಗಿಗೆ ಸಲೈನ್ ಮತ್ತು ಗಾಜ್ ಬಟ್ಟೆ ಅಷ್ಟೇ. ವಾರಕ್ಕೊಮ್ಮೆ ನರ್ಸ್ ಬಂದು ನೋಡುತ್ತಿದ್ದರು. ಜ್ವರ ಬಂದ ಎರಡು ಸಲವೂ ತಡಮಾಡದೆ ಆಸ್ಪತ್ರೆಗೆ ಒಯ್ದೆವು.

ಟ್ರಾಲಿ ಈಗ ಸಿದ್ದಾಪುರದ ಕಡೆಯ ಇನ್ನೊಂದು ಮನೆಯಲ್ಲಿದೆ. ಅಣ್ಣ ಬೆಳಿಗ್ಗೆ ಗಡ್ಡ ಮಾಡುವ ಕನ್ನಡಿಯನ್ನೇ ಹಿಂದಕ್ಕೆ ಹಿಡಿದು ತನ್ನ ಬೆನ್ನನ್ನು ತಾನೇ ನೋಡಿಕೊಳ್ಳುತ್ತಾನೆ.