ನನ್ನ ಮಸ್ಟ್ಯಾಂಗ್‌ಗೆ ಕಿಟಕಿ ಬಲೆ ಕೂರಿಸಿದ ಬಗೆ

ಡ್ರ್ಯಾಗ್ ರೇಸ್, ಅಂದರೆ ನೇರ ದಾರಿಯ ಓಟದ ಕಾರಿಗೆ ಕಿಟಕಿ ಬಲೆ ಹಾಕಬೇಕು ಅಂದಾಗ ಹೆಚ್ಚಿನವರು ಮೊದಲು ಕಿಟಕಿಯ ಅಳತೆ ತೆಗೆಯುತ್ತಾರೆ. ನಾನು ನನ್ನ ಎಡಗೈ ಎಲ್ಲಿಯವರೆಗೆ ಚಾಚುತ್ತದೆ ಅನ್ನೋದರಿಂದ ಶುರು ಮಾಡಿದೆ. ಬಲೆಗೆ ಎರಡು ಕೆಲಸ ಇವೆ. ಕಾರು ಪಲ್ಟಿಯಾದರೆ ಕೈಯನ್ನು ಒಳಗೇ ಹಿಡಿದಿಡಬೇಕು. ಕಾರು ನಿಂತ ಮೇಲೆ ಅದೇ ಕೈಗೆ ಒಂದೇ ಎಳೆತಕ್ಕೆ ಬಿಚ್ಚಿಕೊಳ್ಳಬೇಕು. ಮೊದಲನೆಯದನ್ನು ಕಂಪನಿಯವರು ಹೊಲಿದು ಕಳಿಸಿರುತ್ತಾರೆ. ಎರಡನೆಯದು ಪೂರ್ತಿ ನಮ್ಮ ಕೈಲಿದೆ.

ನಾನಿರೋದು ಅಮೆರಿಕದ ಮಿಷಿಗನ್‌ನಲ್ಲಿ. ಕಾರು 1990ರ ಫೋರ್ಡ್ ಮಸ್ಟ್ಯಾಂಗ್, ಇಲ್ಲಿಯವರು ಫಾಕ್ಸ್ ಬಾಡಿ ಅನ್ನೋ ಮಾದರಿ. ಹಗುರ, ಬಿಡಿಭಾಗ ಸುಲಭವಾಗಿ ಸಿಗುತ್ತವೆ, ಮನೆಯ ಗ್ಯಾರೇಜಿನಲ್ಲೇ ಎಲ್ಲ ಬಿಚ್ಚಿ ಜೋಡಿಸಬಹುದು. ಎಂಜಿನ್ ಕೆಲಸ ಮುಗಿದ ಮೇಲೆ ಕಾಲು ಮೈಲಿ, ಅಂದರೆ 1320 ಅಡಿಯನ್ನು ಹತ್ತು ಸೆಕೆಂಡಿನ ಒಳಗೆ ಮುಗಿಸುವ ಲೆಕ್ಕ ಬಂತು. ಅಲ್ಲಿಗೆ ಬಂದರೆ ನಿಯಮಗಳೇ ಬದಲಾಗುತ್ತವೆ. ವಾಲಿ ಪಾರ್ಕ್ಸ್ 1951ರಲ್ಲಿ ಕಟ್ಟಿದ ಡ್ರ್ಯಾಗ್ ರೇಸಿನ ಎನ್‌ಎಚ್‌ಆರ್‌ಎ ಸಂಸ್ಥೆಯ ಪ್ರಕಾರ, ನನ್ನಂಥ ಹಳೇ ಕಾರು 9.99 ಸೆಕೆಂಡ್ ಅಥವಾ ಅದಕ್ಕಿಂತ ಬೇಗ ಓಡಿದರೆ, ಇಲ್ಲವೇ ಗಂಟೆಗೆ 135 ಮೈಲಿ ಮುಟ್ಟಿದರೆ ಪೂರ್ತಿ ರೋಲ್ ಕೇಜ್, ಅಂದರೆ ಡ್ರೈವರ್ ಸುತ್ತ ಉಕ್ಕಿನ ಪೈಪುಗಳ ಪಂಜರ ಬೇಕು. ಮುಚ್ಚಿದ ಬಾಡಿಯ ಕಾರಿಗೆ ಕೇಜ್ ಬಂತೆಂದರೆ ಅದರ ಜೊತೆಗೇ ಡ್ರೈವರ್ ಬದಿಗೆ ಬಲೆಯೂ ಬಂತು. ಬಲೆಯ ಮೇಲೆ ಎಸ್‌ಎಫ್‌ಐ 27.1 ಅನ್ನುವ ಸುರಕ್ಷತಾ ಮಾನದಂಡದ ಲೇಬಲ್ ಇರಲೇಬೇಕು.

ನಿಯಮ ಇರೋದಕ್ಕೆ ಹಾಕಿದೆ ಅಂತ ಹೇಳಿ ಮುಗಿಸಬಹುದು. ಆದರೆ ನನಗೆ ಈ ಬಲೆಯ ಮೇಲೆ ನಿಜವಾದ ಗೌರವ ಇದೆ. 1964ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾದ ರಿವರ್‌ಸೈಡ್ ಟ್ರ್ಯಾಕಿನಲ್ಲಿ ರೇಸ್ ಡ್ರೈವರ್ ಜೋ ವೆದರ್ಲಿ ತೀರಿಕೊಂಡರು. ಕಾರು ಗೋಡೆಗೆ ಹೊಡೆದಾಗ ಅವರ ತಲೆ ಕಿಟಕಿಯಿಂದ ಆಚೆ ಹೋಗಿ ಗೋಡೆಗೆ ತಗುಲಿತ್ತು. 1970ರ ಮೇ ತಿಂಗಳಲ್ಲಿ ಡಾರ್ಲಿಂಗ್ಟನ್‌ನಲ್ಲಿ ರಿಚರ್ಡ್ ಪೆಟ್ಟಿ ಅವರ ಕಾರು ಮೇಲಿಂದ ಮೇಲೆ ಪಲ್ಟಿ ಹೊಡೆಯಿತು. ಅವರ ತೋಳು ಕಿಟಕಿಯಿಂದ ಹೊರಗೆ ನೇತಾಡಿದ್ದನ್ನು ಜನ ಕಣ್ಣಾರೆ ನೋಡಿದರು. ಪೆಟ್ಟಿ ಭುಜದ ಗಾಯದೊಂದಿಗೆ ಬದುಕಿ ಉಳಿದರು. ಅದಾದ ಮೇಲೆ ಆ ರೇಸುಗಳನ್ನು ನಡೆಸುವ ನಾಸ್ಕಾರ್ ಸಂಸ್ಥೆ ಕಿಟಕಿ ಬಲೆಯನ್ನು ಕಡ್ಡಾಯ ಮಾಡಿತು. ಅವು ಸುತ್ತು ಹೊಡೆಯುವ ಟ್ರ್ಯಾಕ್‌ಗಳು, ನಮ್ಮದು ನೇರ ದಾರಿ, ನಿಜ. ಆದರೆ ಗೋಡೆ ಎರಡೂ ಕಡೆ ಇದೆ, ಕಿಟಕಿ ಒಂದೇ ಥರ, ಕೈಯೂ ಒಂದೇ ಥರ.

"ಗಾಜು ಏರಿಸಿಕೊಂಡೇ ಓಡಿಸ್ತೀರಲ್ಲ, ಮತ್ತೆ ಬಲೆ ಯಾಕೆ?" ಅಂತ ನನ್ನ ಹೆಂಡತಿ ಕೇಳಿದಳು. ಒಳ್ಳೆಯ ಪ್ರಶ್ನೆ. ಪಕ್ಕದ ಕಿಟಕಿಯ ಗಾಜು ಒಂದು ಪೆಟ್ಟಿಗೆ ಕಾಳು ಕಾಳಾಗಿ ಉದುರಿಹೋಗುತ್ತದೆ. ಮೊದಲ ಪಲ್ಟಿಗೇ ಅದು ಇರುವುದಿಲ್ಲ. ಆಮೇಲೆ ಉಳಿಯೋದು ತೆರೆದ ತೂತು. ಇನ್ನು ಲೆಕ್ಕ ನೋಡಿ. ಕಾರು ಸೆಕೆಂಡಿಗೆ ಒಂದು ಸುತ್ತು ಉರುಳುತ್ತಿದೆ, ಕೈ ಉರುಳುವ ನಡುಗೆರೆಯಿಂದ ಮುಕ್ಕಾಲು ಮೀಟರ್ ದೂರ ಇದೆ ಅಂದುಕೊಳ್ಳಿ. ಆ ಕೈ ತನ್ನ ತೂಕದ ಮೂರು ಪಟ್ಟು ಬಲದಲ್ಲಿ ಹೊರಗೆ ಎಳೆಯುತ್ತದೆ. ದೊಡ್ಡವರ ಒಂದು ತೋಳು ಸುಮಾರು 4 ಕೆಜಿ. ಅಂದರೆ 12 ಕೆಜಿ ಕೈಗೆ ನೇತುಹಾಕಿದ ಹಾಗೆ. ಅದರ ಮೇಲೆ ನೆಲಕ್ಕೆ ಬಡಿಯುವ ಪೆಟ್ಟು ಬೇರೆ. ಸ್ಟೀರಿಂಗ್ ಗಟ್ಟಿಯಾಗಿ ಹಿಡಿದುಕೊಂಡರೆ ಸಾಕು ಅನ್ನುವವರು ಈ ಲೆಕ್ಕ ಹಾಕಿಲ್ಲ.

ಬಲೆಗಳಲ್ಲಿ ಎರಡು ಬಗೆ. ಒಂದು ಅಗಲ ಪಟ್ಟಿಗಳನ್ನು ಅಡ್ಡ-ಉದ್ದ ಹೊಲಿದದ್ದು, ಇನ್ನೊಂದು ಸಣ್ಣ ಕಣ್ಣಿನ ಜಾಲರಿ. ಎರಡಕ್ಕೂ ಲೇಬಲ್ ಸಿಗುತ್ತದೆ. ನಾನು ಪಟ್ಟಿಯದ್ದನ್ನೇ ತೆಗೆದುಕೊಂಡೆ. ಹೊಲಿಗೆ ಬಿಡುತ್ತಿದೆಯಾ, ಅಂಚು ಸವೆಯುತ್ತಿದೆಯಾ ಅನ್ನೋದು ಅದರಲ್ಲಿ ಸಲೀಸಾಗಿ ಕಾಣುತ್ತದೆ. ಅಳತೆ ಎಷ್ಟಿರಬೇಕು ಅನ್ನೋದಕ್ಕೆ ನಾನು ಜಾಗತಿಕ ಮೋಟರ್ ರೇಸ್ ಸಂಸ್ಥೆಯಾದ ಎಫ್‌ಐಎ ನಿಯಮದ ಒಂದು ಮಾತು ಹಿಡಿದುಕೊಂಡೆ. ಬಲೆ ಮುಂದೆ ಸ್ಟೀರಿಂಗ್ ಚಕ್ರದ ಮಧ್ಯದವರೆಗಾದರೂ ಬರಬೇಕು ಅಂತ ಅಲ್ಲಿದೆ. ಡ್ರ್ಯಾಗ್ ರೇಸಿಗೆ ಆ ನಿಯಮ ಲಾಗೂ ಆಗುವುದಿಲ್ಲ. ಆದರೂ ಕೈ ಇರೋದು ಸ್ಟೀರಿಂಗ್ ಮೇಲೆ ತಾನೇ, ಬಲೆ ಅಲ್ಲಿಗಿಂತ ಹಿಂದೆಯೇ ಮುಗಿದರೆ ಕೈ ಮುಂದಿನ ಸಂದಿಯಿಂದ ಹೋಗಬಹುದು.

ಅಳತೆ ತೆಗೆಯೋದಕ್ಕೆ ನಾನು ಪೂರ್ತಿ ವೇಷದಲ್ಲಿ ಸೀಟಿನಲ್ಲಿ ಕೂತೆ. ಜಾಕೆಟ್, ಹೆಲ್ಮೆಟ್, ಕತ್ತು ಕಾಯುವ ಹ್ಯಾನ್ಸ್ ಸಾಧನ, ಕೈಗವಸು, ಹಾರ್ನೆಸ್ (ರೇಸ್ ಕಾರಿನ ಸೀಟ್ ಬೆಲ್ಟ್) ಉಸಿರು ಬಿಗಿಯುವಷ್ಟು ಎಳೆದು. ಇದು ತುಂಬಾ ಮುಖ್ಯ. ಮನೆ ಬಟ್ಟೆಯಲ್ಲಿ ಕೂತರೆ ಕೈ ಎಲ್ಲಿಗೆ ಬೇಕಾದರೂ ಹೋಗುತ್ತದೆ. ಹಾರ್ನೆಸ್ ಬಿಗಿದ ಮೇಲೆ ಭುಜ ಅಲ್ಲಾಡುವುದಿಲ್ಲ, ಮೊಣಕೈಯಿಂದ ಮುಂದಿನ ಭಾಗವಷ್ಟೇ ನಮ್ಮದು. ಈ ಕೆಲಸದಲ್ಲಿ ನನ್ನ ಜೊತೆಗಿದ್ದವನು ಹಾಸನ ಕಡೆಯ ಹುಡುಗ, ಇಲ್ಲೇ ಒಂದು ವರ್ಕ್‌ಶಾಪಿನಲ್ಲಿ ವೆಲ್ಡಿಂಗ್ ಮಾಡುತ್ತಾನೆ. "ಅಣ್ಣ, ಕಣ್ಣು ಮುಚ್ಕೊಂಡು ಎಡಗೈ ಮೇಲಕ್ಕೆ ಎತ್ತಿ, ಎಲ್ಲಿಗೆ ತಾನಾಗೇ ಹೋಗುತ್ತೋ ಅಲ್ಲೇ ನಿಲ್ಸಿ" ಅಂದ. ಕೈ ನಿಂತ ಜಾಗದಲ್ಲಿ, ಎ-ಪಿಲ್ಲರ್ (ಮುಂಗಾಜಿನ ಬದಿಯ ಕಂಬ) ಪಕ್ಕದ ಪೈಪಿನ ಮೇಲೆ ಸುಣ್ಣದಕಡ್ಡಿಯಲ್ಲಿ ಗುರುತು ಹಾಕಿದ. ಬಲೆ ಬಿಚ್ಚುವ ಬಕಲ್ ಬಂದದ್ದು ಅಲ್ಲಿಗೇ. ಮಿಕ್ಕಿದ್ದೆಲ್ಲ ಆ ಗುರುತಿನಿಂದ ಹಿಂದಕ್ಕೆ ಅಳೆದದ್ದು.

ಜೋಡಣೆ ಹೀಗಿದೆ. ಬಲೆಯ ಕೆಳಗಿನ ಕುಣಿಕೆಗಳಲ್ಲಿ ಒಂದು ಉಕ್ಕಿನ ರಾಡ್ ತೂರಿ, ಅದರ ಎರಡೂ ತುದಿಯನ್ನು ಬಾಗಿಲ ಪಕ್ಕದ ಕೇಜ್ ಪೈಪಿಗೆ ಬೆಸೆದ ಟ್ಯಾಬ್‌ಗಳಿಗೆ (ತೂತಿರುವ ಚಿಕ್ಕ ಲೋಹದ ತುಂಡು) ಬೋಲ್ಟ್ ಹಾಕಿದೆ. ಇದು ಬಿಚ್ಚುವ ಜಾಗವಲ್ಲ. ಮೇಲಿನ ಕುಣಿಕೆಗಳಲ್ಲಿ ಇನ್ನೊಂದು ರಾಡ್. ಅದರ ಹಿಂದಿನ ತುದಿ, ಸೀಟಿನ ಹಿಂದಿರುವ ದೊಡ್ಡ ಕಮಾನು ಪೈಪಿಗೆ ಬೆಸೆದ ಒಂದು ಚಿಕ್ಕ ಕೊಳವೆಯೊಳಗೆ ಕೂರುತ್ತದೆ. ಆ ಕೊಳವೆಯಲ್ಲಿ ಸ್ಪ್ರಿಂಗ್ ಇದೆ. ಮುಂದಿನ ತುದಿಯಲ್ಲಿ ಸೀಟ್ ಬೆಲ್ಟಿನ ಹಾಗೆ ಒಂದು ನಾಲಿಗೆ, ಅದು ಬಕಲ್‌ಗೆ ಸಿಕ್ಕಿಕೊಳ್ಳುತ್ತದೆ. ಬಕಲ್ ಬಿಟ್ಟ ಕೂಡಲೇ ಸ್ಪ್ರಿಂಗ್ ರಾಡನ್ನು ಮುಂದಕ್ಕೆ ತಳ್ಳುತ್ತದೆ, ರಾಡ್ ಕೊಳವೆಯಿಂದ ಕಳಚಿಕೊಳ್ಳುತ್ತದೆ, ಬಲೆ ತನ್ನ ಭಾರಕ್ಕೆ ತಾನೇ ಕೆಳಗೆ ಬೀಳುತ್ತದೆ. ಕೆಳಗೆ ಕಾಯಂ, ಮೇಲೆ ಬಿಚ್ಚುವುದು. ಇದನ್ನು ತಿರುಗಮುರುಗ ಮಾಡಿದರೆ ಬಿಚ್ಚಿದ ಬಲೆ ಮುಖದ ಮುಂದೆಯೇ ಪರದೆಯಾಗಿ ನೇತಾಡುತ್ತದೆ. ಎನ್‌ಎಚ್‌ಆರ್‌ಎ ಕೂಡ ಕೆಳಗಿನ ತುದಿಯೇ ಕಾಯಂ ಇರಬೇಕು ಅನ್ನುತ್ತದೆ. ಬಲೆ ಕೇಜ್ ಪೈಪುಗಳ ಒಳಬದಿಗೇ ಇರಬೇಕು ಅಂತಲೂ ಇದೆ. ಹೊರಗೆ ಕಟ್ಟಿದರೆ ಕಾರು ನೆಲಕ್ಕೆ ಉಜ್ಜಿದಾಗ ಬಲೆಯೇ ಮೊದಲು ಹರಿಯುತ್ತದೆ.

ನೀರಿನ ಪೈಪಿಗೆ ಹಾಕುವ ಹೋಸ್ ಕ್ಲಾಂಪ್ ಹಾಕಿ ಬಲೆ ಕಟ್ಟಿದ ಕಾರುಗಳನ್ನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಅದಕ್ಕೆ ಅನುಮತಿಯೂ ಇಲ್ಲ, ಅದು ಪೆಟ್ಟು ತಡೆಯುವುದೂ ಇಲ್ಲ. ನಾಯಿ ಸರಪಳಿಯ ಕೊಕ್ಕೆ, ಬಟ್ಟೆಯ ಒತ್ತುಗುಂಡಿ ಇಂಥವೂ ಬೇಡ. ಕೇಜ್ ಪೈಪಿಗೆ ತೂತು ಕೊರೆದು ಬೋಲ್ಟ್ ಹಾಕುವುದಂತೂ ಬೇಡವೇ ಬೇಡ. ನನ್ನದು ಮೈಲ್ಡ್ ಸ್ಟೀಲ್ ಕೇಜ್, 1.625 ಇಂಚಿನ ಪೈಪು, ಗೋಡೆ 0.118 ಇಂಚು ದಪ್ಪ. ಆ ಪೈಪು ಬಾಗದೆ ನಿಲ್ಲಬೇಕಾದ ಜಾಗದಲ್ಲೇ ತೂತು ಮಾಡಿ ಬಲ ತೆಗೆದರೆ ಹೇಗೆ? ಟ್ಯಾಬ್ ಬೆಸೆಯುವುದೊಂದೇ ಸರಿ. ಮೈಲ್ಡ್ ಸ್ಟೀಲ್‌ಗೆ ಮಿಗ್ ವೆಲ್ಡಿಂಗ್ ಆಗುತ್ತದೆ. ಕ್ರೋಮೋಲಿ (ಗಟ್ಟಿ ಮಿಶ್ರ ಉಕ್ಕು) ಪೈಪಾದರೆ ಟಿಗ್ ವೆಲ್ಡಿಂಗ್ ಮಾತ್ರ. ಬೆಸುಗೆ ಚೆಂದ ಕಾಣಲಿ ಅಂತ ಗ್ರೈಂಡರ್ ಹಿಡಿಯುವಂತಿಲ್ಲ. ಉಜ್ಜಿದ ಬೆಸುಗೆಯನ್ನು ತಪಾಸಣೆಯವರು ಒಪ್ಪುವುದಿಲ್ಲ.

ವೆಲ್ಡಿಂಗ್‌ಗೆ ಮೊದಲು ಮಾಡಿಕೊಂಡ ತಯಾರಿಯೇ ಅರ್ಧ ಕೆಲಸ. ಬ್ಯಾಟರಿ ಕಳಚಿದೆ, ಎಂಜಿನ್ ಕಂಪ್ಯೂಟರಿನ ಪ್ಲಗ್ ತೆಗೆದೆ. ಅರ್ಥ್ ಕ್ಲಾಂಪನ್ನು ಬೆಸೆಯುವ ಪೈಪಿಗೇ, ಹತ್ತಿರದಲ್ಲೇ ಹಾಕಿದೆವು. ಸೀಟು, ಹಾರ್ನೆಸ್ ಎರಡನ್ನೂ ಹೊರಗೆ ತೆಗೆದಿಟ್ಟೆ. ಹಾರ್ನೆಸ್ ಮೇಲೆ ಒಂದು ಕಿಡಿ ಬಿದ್ದರೂ ಅದು ಕೆಲಸಕ್ಕೆ ಬಾರದು. ಬಲೆಯಂತೂ ಆ ಹೊತ್ತಿಗೆ ಗ್ಯಾರೇಜಿನಲ್ಲೇ ಇರಲಿಲ್ಲ, ಮನೆಯೊಳಗಿತ್ತು. ಇನ್ನೊಂದು ವಿಷಯ. ಅಂಗಡಿಯಲ್ಲಿ ಸಿಗುವ ಟ್ಯಾಬ್‌ಗಳಿಗೆ ಕೆಲವೊಮ್ಮೆ ಸತುವಿನ ಲೇಪ ಇರುತ್ತದೆ. ಹಾಗೇ ಬೆಸೆದರೆ ಬರುವ ಹೊಗೆ ಒಳ್ಳೆಯದಲ್ಲ, ಬೆಸುಗೆಯೂ ಗುಳ್ಳೆ ಗುಳ್ಳೆಯಾಗುತ್ತದೆ. ಲೇಪವನ್ನೂ ಪೈಪಿನ ಬಣ್ಣವನ್ನೂ ಬರಿ ಲೋಹ ಕಾಣುವ ತನಕ ಕೆರೆದೆ. ಟ್ಯಾಬ್‌ಗಳ ಚೂಪು ಮೂಲೆಗಳನ್ನು ಮೊದಲೇ ದುಂಡು ಮಾಡಿಕೊಂಡೆ, ಯಾಕೆಂದರೆ ಆ ಮೂಲೆಯ ಪಕ್ಕದಲ್ಲೇ ನೈಲಾನ್ ಪಟ್ಟಿ ಇರುತ್ತದೆ.

ಹುಡುಗ ಮೊದಲು ಚುಕ್ಕಿ ಬೆಸುಗೆ ಮಾತ್ರ ಹಾಕಿದ. ಎಲ್ಲ ತಣ್ಣಗಾದ ಮೇಲೆ ಸೀಟು ಕೂರಿಸಿ, ಬಲೆ ಏರಿಸಿ, ನಾನು ಮತ್ತೆ ಪೂರ್ತಿ ವೇಷದಲ್ಲಿ ಕೂತು ನೋಡಿದೆ. ಎರಡು ವಿಷಯ ಗಮನಿಸಿದೆವು. ಹೆಲ್ಮೆಟ್ ಎಡಕ್ಕೆ ವಾಲಿದರೆ ಯಾವ ಟ್ಯಾಬ್‌ಗೂ, ಬಕಲ್‌ಗೂ ತಗುಲಬಾರದು. ತಲೆ ತಾಗಬಹುದಾದ ಪೈಪಿಗೆಲ್ಲ ಎಸ್‌ಎಫ್‌ಐ 45.1 ಪ್ಯಾಡಿಂಗ್ ಇದೆ, ಆ ಪ್ಯಾಡಿಂಗ್ ಕತ್ತರಿಸಿ ಟ್ಯಾಬ್‌ಗೆ ಜಾಗ ಮಾಡುವಂತೆ ಆಗಬಾರದು. ಎರಡನೆಯದು ಬಿಗಿ. ಬಲೆ ಹೊಸದಾಗಿ ಎಳೆದು ಕಟ್ಟಿದ ನವಾರು ಮಂಚದ ಹಾಗಿರಬೇಕು. ಅಂಗೈಯಿಂದ ಜೋರಾಗಿ ಒತ್ತಿದರೂ ಕಿಟಕಿಯ ಗೆರೆ ದಾಟಿ ಹೊರಗೆ ಉಬ್ಬಬಾರದು. ನೈಲಾನ್ ಬಳಸುತ್ತಾ ಸ್ವಲ್ಪ ಹಿಗ್ಗುತ್ತದೆ. ಅದಕ್ಕೆ ಕೆಳಗಿನ ಟ್ಯಾಬ್‌ಗಳಲ್ಲಿ ಅರ್ಧ ಇಂಚು ಅಂತರದಲ್ಲಿ ಎರಡು ತೂತು ಇಟ್ಟಿದ್ದೇನೆ. ಸಡಿಲಾದರೆ ರಾಡನ್ನು ಕೆಳಗಿನ ತೂತಿಗೆ ಇಳಿಸಿದರೆ ಆಯ್ತು. ಎರಡೂ ಸರಿ ಅನ್ನಿಸಿದ ಮೇಲೆ ಬಲೆ ಇಳಿಸಿ, ಸೀಟು ತೆಗೆದು ಪೂರ್ತಿ ಬೆಸೆದ.

ಬಕಲ್ ಬಗ್ಗೆ ನನ್ನದೊಂದು ಖಚಿತ ಅಭಿಪ್ರಾಯ ಇದೆ. ಗುಂಡಿ ಒತ್ತುವ ಬಗೆಗಿಂತ ಸನ್ನೆ (ಲಿವರ್) ಎತ್ತುವ ಬಗೆ ಮೇಲು. ದಪ್ಪ ಕೈಗವಸಿನಲ್ಲಿ ಗುಂಡಿ ಎಲ್ಲಿದೆ ಅಂತ ಬೆರಳಿಗೆ ತಿಳಿಯುವುದಿಲ್ಲ. ಸನ್ನೆಯನ್ನು ಮಾತ್ರ ನನ್ನ ಕಡೆಗೆ ಎಳೆದರೆ ಬಿಚ್ಚುವ ಹಾಗೆ ತಿರುಗಿಸಿ ಕೂರಿಸಿದೆ. ಪಲ್ಟಿಯಲ್ಲಿ ಕೈ ಹೊರಮುಖವಾಗಿ ಬೀಸಿಹೋಗುತ್ತದೆ. ಆಗ ಅದು ಸನ್ನೆಗೆ ಬಡಿದರೂ ಇನ್ನಷ್ಟು ಮುಚ್ಚುತ್ತದೆಯೇ ಹೊರತು ಬಿಚ್ಚುವುದಿಲ್ಲ. ಸನ್ನೆಯ ತುದಿಗೆ ಕೆಂಪು ಪಟ್ಟಿಯೊಂದನ್ನು ಕಟ್ಟಿದ್ದೇನೆ. ಅದು ನನಗಾಗಿ ಅಲ್ಲ, ಹೊರಗಿನಿಂದ ಓಡಿ ಬರುವ ರಕ್ಷಣಾ ಸಿಬ್ಬಂದಿಗಾಗಿ. ಅವರು ನನ್ನ ಕಾರನ್ನು ಮೊದಲ ಸಲ ನೋಡುತ್ತಿರುತ್ತಾರೆ, ಹುಡುಕುತ್ತಾ ನಿಲ್ಲುವಂತಾಗಬಾರದು.

ಆಮೇಲೆ ಅಭ್ಯಾಸ. ಎಲ್ಲ ಕಟ್ಟಿಕೊಂಡು, ಕಣ್ಣು ಮುಚ್ಚಿ, ಹೊರಗೆ ಬರುವುದು. ನಾನು ಮೊದಲು ಬಲೆ ಬಿಡುತ್ತೇನೆ, ಆಮೇಲೆ ಸ್ಟೀರಿಂಗ್ ಕಳಚುತ್ತೇನೆ, ಕೊನೆಗೆ ಹಾರ್ನೆಸ್. ಕಾರು ತಲೆಕೆಳಗಾಗಿದ್ದರೆ ಹಾರ್ನೆಸ್ ಬಿಟ್ಟ ಕೂಡಲೇ ನಾವು ಚಾವಣಿಗೆ ಬೀಳುತ್ತೇವೆ. ಬಿದ್ದ ಮೇಲೆ ಬಕಲ್ ಹುಡುಕೋದು ಕಷ್ಟ. ತಲೆಕೆಳಗಾದ ಕಾರಿನಲ್ಲಿ ಬಲೆ ತಾನಾಗಿ ದಾರಿ ಬಿಡುವುದಿಲ್ಲ ಅನ್ನೋದೂ ನೆನಪಿರಲಿ. ರಾಡನ್ನು ಕೈಯಿಂದ ಬಾಗಿಲ ಪೈಪಿನ ಕಡೆಗೆ ದೂಡಬೇಕು. ಅದನ್ನೂ ಸೇರಿಸಿಯೇ ಅಭ್ಯಾಸ ಮಾಡುತ್ತೇನೆ. ನಾಸ್ಕಾರ್‌ನಲ್ಲಿ ಅಪಘಾತದ ನಂತರ ಡ್ರೈವರ್ ಬಲೆ ಇಳಿಸಿದರೆ "ನಾನು ಚೆನ್ನಾಗಿದ್ದೇನೆ" ಅಂತ ಅರ್ಥ. ಬಲೆ ಮೊದಲು ಬಿಡುವುದಕ್ಕೆ ಅದೂ ಒಂದು ಕಾರಣ.

ಓಹಾಯೋದ ನಾರ್ವಾಕ್‌ನಲ್ಲಿರುವ ಸಮ್ಮಿಟ್ ಮೋಟರ್‌ಸ್ಪೋರ್ಟ್ಸ್ ಪಾರ್ಕಿಗೆ ಕಾರು ತೆಗೆದುಕೊಂಡು ಹೋದಾಗ ತಪಾಸಣೆಯವರು ಬಲೆಯ ಹತ್ತಿರ ಬಂದು ನೋಡಿದ್ದು ಮೊದಲು ಲೇಬಲ್‌ನ ತಾರೀಖು. ಆಮೇಲೆ ಟ್ಯಾಬ್ ಹಿಡಿದು ಅಲ್ಲಾಡಿಸಿದರು. ಕೊನೆಗೆ ನನ್ನನ್ನು ಕೂರಿಸಿ ಬಿಚ್ಚಿ ತೋರಿಸಲು ಹೇಳಿದರು. ಬಲೆ ಬಿತ್ತು, ಅವರು ತಲೆಯಾಡಿಸಿ ಹೆಲ್ಮೆಟ್ ಕಡೆ ಹೋದರು.

ಬೆಂಗಳೂರಿನ ಗೆಳೆಯರು ಇದೇ ಬಲೆ ತರಿಸಿಕೊಳ್ಳಬಹುದಾ ಅಂತ ಕೇಳುತ್ತಾರೆ. ತರಿಸಬಹುದು, ಆದರೆ ನಿಮ್ಮ ಸ್ಪರ್ಧೆಯವರು ಯಾವ ಲೇಬಲ್ ಒಪ್ಪುತ್ತಾರೆ ಅಂತ ಮೊದಲು ಕೇಳಿ. ಎಫ್‌ಐಎ ಪ್ರಕಾರ ನಡೆಯುವ ಕಡೆ ಬಲೆಯ ಮಾನದಂಡವೇ ಬೇರೆ. ರೋಲ್ ಕೇಜ್ ಇಲ್ಲದ ಕಾರಿಗೆ ಮಾತ್ರ ಬಲೆ ಸುಮ್ನೆ ಹಾಕಬೇಡಿ. ಅದನ್ನು ಹಿಡಿದಿಡಲು ಅಲ್ಲಿ ಏನೂ ಇರುವುದಿಲ್ಲ.

ಎಸ್‌ಎಫ್‌ಐ ಲೇಬಲ್‌ನ ಆಯುಸ್ಸು 2 ವರ್ಷ. ನೋಡೋದಕ್ಕೆ ಹೊಸದರ ಹಾಗೇ ಇದೆಯಲ್ಲ ಅನ್ನಿಸುತ್ತದೆ, ಆದರೆ ಬಿಸಿಲು ನೈಲಾನ್ ಎಳೆಗಳನ್ನು ಕಣ್ಣಿಗೆ ಕಾಣದ ಹಾಗೆ ತಿನ್ನುತ್ತಾ ಇರುತ್ತದೆ. ಅದಕ್ಕೆ ಕಾರು ಟ್ರೇಲರ್ ಮೇಲಿರುವಾಗ, ಗ್ಯಾರೇಜಿನ ಹೊರಗೆ ನಿಂತಿರುವಾಗ ಕಿಟಕಿಗೆ ಹೊದಿಕೆ ಹಾಕುತ್ತೇನೆ. ಎಣ್ಣೆ, ಬ್ರೇಕ್ ಕ್ಲೀನರ್ ಸೋಂಕಿಸುವುದಿಲ್ಲ. ಕೊಳೆಯಾದರೆ ಉಗುರುಬೆಚ್ಚಗಿನ ಸೋಪು ನೀರು, ಆಮೇಲೆ ನೆರಳಲ್ಲಿ ಒಣಗಿಸುವುದು. ಹಿಂದಿನ ಕೊಳವೆಯೊಳಗಿನ ಸ್ಪ್ರಿಂಗ್‌ಗೆ ಪ್ರತಿ ಸೀಸನ್ ಶುರುವಿನಲ್ಲಿ ಒಂದು ಹನಿ ಒಣ ಲೂಬ್ರಿಕೆಂಟ್ ಸಾಕು. ಅವಧಿ ಮುಗಿದ ಬಲೆಯನ್ನು ಯಾರಿಗೂ ಕೊಡುವುದಿಲ್ಲ, ಮಾರುವುದಿಲ್ಲ. ಪಟ್ಟಿಗಳನ್ನು ಅಡ್ಡಡ್ಡ ಕತ್ತರಿಸಿ ಕಸಕ್ಕೆ ಹಾಕಿ, ಅದೇ ರಾಡ್‌ಗಳಿಗೆ ಹೊಸದನ್ನು ಏರಿಸುತ್ತೇನೆ.