ಕಾರಿನ ಕಾಗದಗಳಿಗೊಂದು ಬಟ್ಟೆಯ ಫೋಲ್ಡರ್: ಮನೆಯಲ್ಲೇ ಹೊಲಿಯಿರಿ

ಕಾರಿನ ಜೊತೆ ಬರುವ ರೆಕ್ಸಿನ್ ಕವರ್ ಹೆಚ್ಚು ದಿನ ಬಾಳುವುದಿಲ್ಲ. ಬಿಸಿಲಲ್ಲಿ ನಿಂತೂ ನಿಂತೂ ಮೇಲಿನ ಪದರ ಸುಲಿಯುತ್ತದೆ, ಪುಡಿ ಕೈಗೆ ಮೆತ್ತಿಕೊಳ್ಳುತ್ತದೆ. ಅದಕ್ಕಿಂತ ದೊಡ್ಡ ತೊಂದರೆ ಒಳಗಿನ ಪಾರದರ್ಶಕ ಪ್ಲಾಸ್ಟಿಕ್‌ನದು. ಬಿಸಿಗೆ ಆ ಪ್ಲಾಸ್ಟಿಕ್ ಮೆತ್ತಗಾಗುತ್ತದೆ, ಲೇಸರ್ ಪ್ರಿಂಟ್ ಮತ್ತು ಜೆರಾಕ್ಸ್‌ನ ಕಪ್ಪು ಪುಡಿಯೂ ಒಂದು ಬಗೆಯ ಪ್ಲಾಸ್ಟಿಕ್ಕೇ, ಎರಡೂ ಒಂದಕ್ಕೊಂದು ಅಂಟಿಕೊಂಡು ಇನ್ಶೂರೆನ್ಸ್ ಹಾಳೆ ಎಳೆದರೆ ಅಕ್ಷರಗಳು ಕವರ್‌ನಲ್ಲೇ ಉಳಿಯುತ್ತವೆ. ಕಲಬುರಗಿ, ರಾಯಚೂರು ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಟ್ಟೆಯಲ್ಲಿ ಈ ಕಾಟ ಇಲ್ಲ. ಕಾಗದ ಉಸಿರಾಡುತ್ತದೆ, ಕೊಳೆಯಾದರೆ ಒಗೆಯಬಹುದು, ಹರಿದರೆ ಅಲ್ಲೇ ಒಂದು ಹೊಲಿಗೆ ಹಾಕಬಹುದು.

ಮೊದಲು ಅಳತೆ. ಬಟ್ಟೆ ಕೈಗೆತ್ತಿಕೊಳ್ಳುವ ಮುಂಚೆ ಕಾರಿನಲ್ಲಿರುವ ಕಾಗದಗಳನ್ನೆಲ್ಲ ಮೇಜಿನ ಮೇಲೆ ಹರಡಿ, ಟೇಪು ಹಿಡಿದು ನೋಡಿ. ಇನ್ಶೂರೆನ್ಸ್ ಎ4 ಹಾಳೆ, ಅಂದರೆ 8¼ ಇಂಚು ಅಗಲ, 11¾ ಇಂಚು ಉದ್ದ. ಅದನ್ನು ಒಂದೇ ಸಲ ಅರ್ಧಕ್ಕೆ ಮಡಚಿದರೆ 8¼ಕ್ಕೆ 5⅞. ನಾಲ್ಕು ಮಡಿಕೆ ಮಾಡಿ ತುರುಕಬೇಡಿ, ಮಡಿಕೆ ಬಿದ್ದ ಕಡೆಯೇ ಕಾಗದ ಹರಿಯುವುದು, ಪಾಲಿಸಿ ನಂಬರ್ ಇರುವ ಸಾಲಿನ ಮೇಲೇ ಮಡಿಕೆ ಬಂದರಂತೂ ಬೇಕಾದಾಗ ಓದಲಿಕ್ಕೇ ಆಗುವುದಿಲ್ಲ. ಆರ್‌ಸಿ ಮತ್ತು ಡಿಎಲ್ ಈಗ ಬ್ಯಾಂಕ್ ಕಾರ್ಡಿನಷ್ಟೇ ಇರುತ್ತವೆ, 3⅜ಕ್ಕೆ 2⅛ ಇಂಚು. ಸರ್ವಿಸ್ ಬುಕ್ ಒಂದೊಂದು ಕಂಪನಿಯದು ಒಂದೊಂದು ಸೈಜು, ನಿಮ್ಮದನ್ನು ಅಳೆದುಕೊಳ್ಳಿ. ಹಾಗೇ ಡ್ಯಾಶ್‌ಬೋರ್ಡ್ ಡಬ್ಬಿಯನ್ನೂ ಅಳೆಯಿರಿ. ಚಂದವಾಗಿ ಹೊಲಿದ ಮೇಲೆ ಅದರ ಬಾಗಿಲು ಮುಚ್ಚದೇ ಹೋದರೆ ಏನು ಪ್ರಯೋಜನ?

ನಾನು ಹೇಳುವುದು ಪುಸ್ತಕದ ಹಾಗೆ ತೆರೆಯುವ ಫೋಲ್ಡರ್. ಮುಚ್ಚಿದಾಗ ಸುಮಾರು 7 ಇಂಚು ಅಗಲ, 9½ ಇಂಚು ಎತ್ತರ. ಸಾಮಾನ್ಯ ಕಾರಿನ ಡಬ್ಬಿಯಲ್ಲಿ ಅಡ್ಡ ಮಲಗಿಸಿದರೆ ಕೂರುತ್ತದೆ.

ಹೊರಗಿನ ಬಟ್ಟೆಗೆ ಹಳೇ ಜೀನ್ಸ್ ಪ್ಯಾಂಟಿನ ತೊಡೆಯ ಭಾಗ ತುಂಬ ಒಳ್ಳೆಯದು. ಮಂಡಿ ಬೇಡ, ಅಲ್ಲಿ ಬಟ್ಟೆ ಸವೆದು ಜೋಲು ಬಿದ್ದಿರುತ್ತದೆ. ದಪ್ಪ ಖಾದಿ, ಹಳೆಯ ಪರದೆ ಬಟ್ಟೆ, ಸೋಫಾ ಕವರ್ ಯಾವುದಾದರೂ ಆದೀತು. ಹೊಸ ಹತ್ತಿ ಬಟ್ಟೆ ತಂದರೆ ಒಂದು ರಾತ್ರಿ ನೀರಲ್ಲಿ ನೆನೆಸಿ, ಒಣಗಿಸಿ, ಇಸ್ತ್ರಿ ಮಾಡಿಯೇ ಕತ್ತರಿಸಿ. ಇಲ್ಲದಿದ್ದರೆ ಮೊದಲ ಒಗೆತಕ್ಕೇ ಬಟ್ಟೆ ಕುಗ್ಗಿ, ಗಟ್ಟಿತನಕ್ಕೆ ಒಳಗೆ ಹಾಕುವ ಬಕ್ರಂ ಕುಗ್ಗದೆ, ಇಡೀ ಫೋಲ್ಡರ್ ಸೊಟ್ಟಗಾಗುತ್ತದೆ. ಗುಳೇದಗುಡ್ಡದ ಖಣ ಮನೆಯಲ್ಲಿ ತುಂಡು ಉಳಿದಿದ್ದರೆ ಒಳಜೇಬಿನ ಮೇಲ್ಭಾಗಕ್ಕೆ ಒಂದು ಪಟ್ಟಿ ಹಾಕಿ, ನೋಡಲು ಬಹಳ ಲಕ್ಷಣವಾಗಿರುತ್ತದೆ. ಆದರೆ ಖಣದ ಅಂಚಿನಲ್ಲಿ ಎಳೆ ಬೇಗ ಬಿಡುತ್ತದೆ, ಹಾಗಾಗಿ ಅಂಚು ಒಳಗೆ ಮಡಚಿಯೇ ಹೊಲಿಯಬೇಕು. ಲೈನಿಂಗಿಗೆ ತಿಳಿ ಬಣ್ಣದ ಹತ್ತಿ ಬಟ್ಟೆ ತೆಗೆದುಕೊಳ್ಳಿ. ಕಪ್ಪು ಲೈನಿಂಗ್ ಹಾಕಿದರೆ ರಾತ್ರಿ ಕಾರಿನ ಆ ಸಣ್ಣ ಲೈಟಿನಲ್ಲಿ ಒಳಗೆ ಏನಿದೆ ಅಂತ ಕಾಣುವುದಿಲ್ಲ.

ನಡುವೆ ಗಟ್ಟಿತನಕ್ಕೆ ಬಕ್ರಂ ಸಾಕು. ಅಂಗಿಯ ಕಾಲರಿಗೆ ಹಾಕುವಂಥದ್ದೇ, ಇಸ್ತ್ರಿ ಹಾಕಿದರೆ ಅಂಟುವ ಜಾತಿಯದು ಸಿಕ್ಕರೆ ಕೆಲಸ ಇನ್ನೂ ಸಲೀಸು. ಆದರೆ ಸಮಯ ಇದ್ದವರಿಗೆ ನನ್ನ ಸಲಹೆ ಬೇರೆ: ಕೌದಿ ಹಾಕಿ. ಉತ್ತರ ಕರ್ನಾಟಕದ ಮನೆಗಳಲ್ಲಿ ಹಳೆಯ ಸೀರೆ, ಧೋತರ ಒಂದರ ಮೇಲೊಂದು ಹಾಸಿ ಸಾಲು ಹೊಲಿಗೆ ಹಾಕುವ ಕೌದಿಯನ್ನೇ ಇಲ್ಲಿ ಸಣ್ಣದಾಗಿ ಮಾಡುವುದು. ಮೆತ್ತಗಾದ ಹಳೇ ಹತ್ತಿ ಸೀರೆಯ ನಾಲ್ಕು ಪದರ, ಮೇಲೆ ಬಣ್ಣ ಬಣ್ಣದ ತುಂಡು. ಮೊದಲು ಉದ್ದ ಕಚ್ಚಾ ಹೊಲಿಗೆಯಿಂದ ಪದರಗಳನ್ನು ಹಿಡಿದಿಟ್ಟುಕೊಳ್ಳಿ, ಆಮೇಲೆ ದಪ್ಪ ದಾರದಲ್ಲಿ ಕಾಲು ಇಂಚಿಗೊಂದು ಸಾಲಿನಂತೆ ಹೊಲಿಯುತ್ತಾ ಹೋಗಿ. ಯಲ್ಲಾಪುರ, ಹಳಿಯಾಳ ಕಡೆಯ ಸಿದ್ದಿ ಹೆಂಗಸರು ಒಂದು ಮೂಲೆಯಿಂದ ಶುರುಮಾಡಿ ಅಂಚಿನ ಗುಂಟ ಸುತ್ತುತ್ತಾ ನಡುವಿಗೆ ಬರುತ್ತಾರೆ. ಆ ರೀತಿ ಹೊಲಿದರೆ ಅಂಚು ಮೊದಲೇ ಗಟ್ಟಿಯಾಗುತ್ತದೆ, ಇಷ್ಟು ಚಿಕ್ಕ ತುಂಡಿಗೆ ಅದೇ ಅನುಕೂಲ. ಹೀಗೆ ಮಾಡಿದರೆ ಬಕ್ರಂ ಬೇಡ, ಹೊರಬಟ್ಟೆಯೂ ಬೇಡ, ಕೌದಿಯೇ ಎರಡೂ ಆಗುತ್ತದೆ. ಒಗೆದಷ್ಟೂ ಚೆನ್ನಾಗುತ್ತದೆ. ಒಂದು ವಿಷಯ ಮಾತ್ರ ನೆನಪಿಡಿ: ಹೊಲಿದಂತೆ ಕೌದಿ ಸ್ವಲ್ಪ ಒಳಗೆ ಎಳೆದುಕೊಳ್ಳುತ್ತದೆ, ಆದ್ದರಿಂದ ಸುತ್ತ ಒಂದು ಇಂಚು ಜಾಸ್ತಿ ಇಟ್ಟು ಹೊಲಿದು, ಕೊನೆಗೆ ಅಳತೆಗೆ ಕತ್ತರಿಸಿ.

ಈಗ ಕತ್ತರಿಸುವುದು. ಹೊರಬಟ್ಟೆ ಒಂದು, ಲೈನಿಂಗ್ ಒಂದು, ಎರಡೂ 14½ಕ್ಕೆ 9½ ಇಂಚು. ಬಕ್ರಂ ಎರಡು ತುಂಡು, 6¾ಕ್ಕೆ 9. ಎರಡರ ನಡುವೆ ಅರ್ಧ ಇಂಚು ಬಿಟ್ಟು ಹೊರಬಟ್ಟೆಯ ಒಳಮೈಗೆ ಅಂಟಿಸಿ, ಆ ಜಾಗದಲ್ಲೇ ಫೋಲ್ಡರ್ ಮಡಚುವುದು. ಸುತ್ತ ಕಾಲು ಇಂಚು ಬಕ್ರಂ ಇಲ್ಲದೆ ಉಳಿಯುತ್ತದೆ, ಅದು ಬೇಕೆಂದೇ ಬಿಟ್ಟಿದ್ದು, ಅಂಚಿನಲ್ಲಿ ದಪ್ಪ ಕಡಿಮೆಯಾಗಲಿ ಅಂತ. ದೊಡ್ಡ ಜೇಬಿಗೆ ಎರಡು ತುಂಡು, ಪ್ರತಿಯೊಂದೂ 7½ ಅಗಲ, 14 ಎತ್ತರ. ಅಡ್ಡಕ್ಕೆ ಅರ್ಧ ಮಡಚಿದರೆ 7 ಇಂಚು ಎತ್ತರದ ಡಬಲ್ ಜೇಬು ಬಂತು, ಮಡಿಕೆಯೇ ಜೇಬಿನ ಬಾಯಿ, ಪ್ರತ್ಯೇಕ ಹೆಮ್ಮಿಂಗ್ ಬೇಕಿಲ್ಲ. ಕಾರ್ಡಿನ ಸಾಲಿಗೆ 7½ ಅಗಲ, 6½ ಎತ್ತರದ ಇನ್ನೊಂದು ತುಂಡು, ಅದನ್ನೂ ಹಾಗೇ ಮಡಚಿ. ಅಂಚಿಗೆ 2 ಇಂಚು ಅಗಲದ ಕ್ರಾಸ್ ಪಟ್ಟಿ, ಅಂದರೆ ಬಟ್ಟೆಯನ್ನು ಓರೆಯಾಗಿ ಕತ್ತರಿಸಿದ ಪಟ್ಟಿ, ಜೋಡಿಸಿ 52 ಇಂಚು ಉದ್ದ ಮಾಡಿಕೊಳ್ಳಿ.

ಜೇಬನ್ನು ಹಾಳೆಗಿಂತ ಗಿಡ್ಡ ಇಟ್ಟಿರುವುದು ಗಮನಿಸಿದಿರಾ? ಮಡಚಿದ ಇನ್ಶೂರೆನ್ಸ್ 8¼ ಎತ್ತರ, ಜೇಬು 7. ಮೇಲೆ ಒಂದು ಇಂಚಿಗಿಂತ ಜಾಸ್ತಿ ಕಾಗದ ಕಾಣುತ್ತಿರುತ್ತದೆ. ರಸ್ತೆ ಪಕ್ಕ ಪೊಲೀಸರು ನಿಲ್ಲಿಸಿದಾಗ, ಹಿಂದೆ ಬಸ್ಸು ಹಾರ್ನ್ ಹೊಡೆಯುತ್ತಿರುವಾಗ, ಎರಡು ಬೆರಳಲ್ಲಿ ಹಿಡಿದು ಎಳೆಯುವಂತಿರಬೇಕು. ಪೂರ್ತಿ ಒಳಗೆ ಮುಳುಗುವ ಜೇಬು ಹೊಲಿದರೆ ಎಲ್ಲವನ್ನೂ ಸೀಟಿನ ಮೇಲೆ ಸುರಿದೇ ಹುಡುಕಬೇಕಾಗುತ್ತದೆ. ಕಾರ್ಡೂ ಅಷ್ಟೇ, ಅರ್ಧ ಇಂಚಾದರೂ ತಲೆ ಹೊರಗಿರಲಿ.

ಹೊಲಿಯುವಾಗ ಕ್ರಮ ತಪ್ಪಿಸಬೇಡಿ, ಇದರಲ್ಲಿ ಕಷ್ಟ ಅಂತ ಇರುವುದು ಅದೊಂದೇ. ಮೊದಲು ಕಾರ್ಡಿನ ಸಾಲನ್ನು ಒಂದು ದೊಡ್ಡ ಜೇಬಿನ ಮೇಲೆ, ಕೆಳಗಿನ ಅಂಚು ಸರಿಹೊಂದುವಂತೆ ಇಟ್ಟು, ನಡುವಿನ ಅಡ್ಡಗೋಡೆಯ ಹೊಲಿಗೆಗಳನ್ನು ಹಾಕಿಬಿಡಿ. ಆ ಜೇಬನ್ನು ಲೈನಿಂಗಿಗೆ ಕೂಡಿಸುವುದು ಆಮೇಲೆ. ಮೊದಲೇ ಕೂಡಿಸಿ ಅಡ್ಡಗೋಡೆ ಹೊಲಿದರೆ ಹಿಂದಿನ ದೊಡ್ಡ ಜೇಬೂ ಸೇರಿ ಹೊಲಿದುಹೋಗುತ್ತದೆ. ಅಡ್ಡಗೋಡೆಯ ಲೆಕ್ಕ ಹೀಗೆ: ಕಾರ್ಡುಗಳನ್ನು ನಿಲ್ಲಿಸಿ ಇಡುವುದು. ಫೋಲ್ಡರ್ ಮಡಚುವ ಕಡೆ ಅರ್ಧ ಇಂಚು ಒಳಗೆ ಮಡಚಿ, ಅಲ್ಲಿಂದ 2½ ಇಂಚಿಗೆ ಒಂದು ಗೆರೆ, ಮತ್ತೆ 2½ಕ್ಕೆ ಇನ್ನೊಂದು. ಉಳಿದ ಸಂದು ಪೆನ್ನಿಗೆ. ಗೆರೆಯ ಮೇಲ್ತುದಿಯಲ್ಲಿ ಹಿಂದೆ ಮುಂದೆ ಎರಡು ಮೂರು ಸಲ ಹೊಲಿಯಿರಿ, ಜೇಬು ಬಿಚ್ಚುವುದು ಯಾವಾಗಲೂ ಅಲ್ಲೇ. ಹಳೆಯ ಕಾಲಿನ ಮೆಷಿನ್‌ನಲ್ಲಿ ಹಿಂದಕ್ಕೆ ಹೋಗುವ ವ್ಯವಸ್ಥೆ ಇಲ್ಲದಿದ್ದರೆ, ಸೂಜಿ ಬಟ್ಟೆಯಲ್ಲಿ ಇಳಿಸಿಟ್ಟು, ಪಾದ ಎತ್ತಿ, ಬಟ್ಟೆಯನ್ನೇ ತಿರುಗಿಸಿ ಅದೇ ಗೆರೆ ಮೇಲೆ ಹೊಲಿದರಾಯಿತು.

ನಂತರ ಲೈನಿಂಗಿನ ಎಡಭಾಗಕ್ಕೆ ಈ ಕಾರ್ಡ್ ಜೇಬು, ಬಲಭಾಗಕ್ಕೆ ಇನ್ನೊಂದು ದೊಡ್ಡ ಜೇಬು, ಅದನ್ನೂ ಹಾಗೇ ಅರ್ಧ ಇಂಚು ಒಳಗೆ ಮಡಚಿ. ಫೋಲ್ಡರ್ ಮಡಚುವ ಕಡೆಯ ಅಂಚನ್ನು ಮಾತ್ರ ಹೊಲಿಯಿರಿ, ಹೊರ ಅಂಚೂ ಕೆಳ ಅಂಚೂ ಪಟ್ಟಿಯೊಳಗೆ ಸೇರಿಕೊಳ್ಳುತ್ತವೆ. ನಡುವಿನ ಅರ್ಧ ಇಂಚಿಗೆ ಜೇಬಿನ ಬಟ್ಟೆ ಬರಬಾರದು.

ಮುಚ್ಚಲು ಏನು ಹಾಕುವುದು? ವೆಲ್ಕ್ರೋ ನನಗೆ ಹಿಡಿಸುವುದಿಲ್ಲ. ಧೂಳು, ಕೂದಲು ಎಲ್ಲ ಹಿಡಿದುಕೊಂಡು ಅಂಟುವುದನ್ನೇ ಬಿಡುತ್ತದೆ, ದುಪಟ್ಟಾಗೋ ಸೀರೆಗೋ ತಗುಲಿದರೆ ಎಳೆ ಎಳೆಯುತ್ತದೆ. ಎಲಾಸ್ಟಿಕ್ ಕಾರಿನ ಬಿಸಿಗೆ ಸಡಿಲಾಗುತ್ತದೆ. ಟಿಚ್ ಬಟನ್ ಪರವಾಗಿಲ್ಲ. ಎಲ್ಲಕ್ಕಿಂತ ಒಳ್ಳೆಯದು ಹಳೇ ಕೋಟಿನ ದೊಡ್ಡ ಗುಂಡಿ, ಅದಕ್ಕೆ ಬಟ್ಟೆಯ ಕುಣಿಕೆ. ಗುಂಡಿಯನ್ನು ಮುಂದಿನ ಹೊದಿಕೆಗೆ, ಅಂಚಿನಿಂದ ಒಂದು ಇಂಚು ಒಳಗೆ, ಲೈನಿಂಗ್ ಕೂಡಿಸುವ ಮುಂಚೆಯೇ ಹೊಲಿಯಿರಿ, ಹಿಂದೆ ಒಂದು ಚೂರು ಬಟ್ಟೆ ಆಸರೆ ಕೊಟ್ಟು. ಕುಣಿಕೆಯನ್ನು ಹಿಂದಿನ ಹೊದಿಕೆಯ ಅಂಚಿಗೆ ಕಚ್ಚಾ ಹೊಲಿಗೆ ಹಾಕಿ ನಿಲ್ಲಿಸಿ. ಫೋಲ್ಡರ್ ಮಡಚುವ ಜಾಗದ ಮೇಲ್ತುದಿಗೂ ಕೈಬೆರಳು ತೂರುವಷ್ಟು ಇನ್ನೊಂದು ಕುಣಿಕೆ ಇರಲಿ, ಯಾಕೆ ಅಂತ ಮುಂದೆ ಹೇಳುತ್ತೇನೆ.

ಕೊನೆಗೆ ಹೊರಬಟ್ಟೆ ಕೆಳಗೆ, ಲೈನಿಂಗ್ ಮೇಲೆ, ಒಳಮೈಗಳು ಎದುರುಬದುರು. ಸುತ್ತ ಕಚ್ಚಾ ಹೊಲಿಗೆ ಹಾಕಿ, ನಾಲ್ಕೂ ಮೂಲೆಗೆ ಚಿಕ್ಕ ಲೋಟ ಇಟ್ಟು ಗುಂಡಗೆ ಗೆರೆ ಎಳೆದು ಕತ್ತರಿಸಿ. ಕ್ರಾಸ್ ಪಟ್ಟಿಯನ್ನು ಉದ್ದಕ್ಕೆ ಮಡಚಿ, ಹೊರಮೈ ಕಡೆಯಿಂದ ಅಂಚಿಗೆ ಇಟ್ಟು ಹೊಲಿದು, ಒಳಗೆ ಮಗುಚಿ ಕೈಯಲ್ಲಿ ಹೆಮ್ಮಿಂಗ್ ಮಾಡಿ. ಬ್ಲೌಸ್ ಕೊರಳಿಗೆ ಪೈಪಿಂಗ್ ಮಾಡಿ ಗೊತ್ತಿದ್ದವರಿಗೆ ಇದೇನೂ ಹೊಸದಲ್ಲ. ಜೀನ್ಸ್ ಆದರೆ ಮೆಷಿನ್‌ಗೆ 16ನೇ ನಂಬರ್ ಸೂಜಿ, ಪಾಲಿಯೆಸ್ಟರ್ ದಾರ. ಕಾರ್ಡಿನ ಸಾಲಿರುವ ಕೆಳಮೂಲೆಯಲ್ಲಿ ಪದರ ತುಂಬ ಇರುತ್ತವೆ, ಅಲ್ಲಿ ಕಾಲಿನಿಂದ ತುಳಿಯದೆ ಚಕ್ರವನ್ನು ಕೈಯಿಂದ ತಿರುಗಿಸಿ ಒಂದೊಂದೇ ಹೊಲಿಗೆ ಹಾಕಿ, ಸೂಜಿ ಮುರಿಯುವುದಿಲ್ಲ.

ಒಳಗೆ ಏನಿಡಬೇಕು ಅನ್ನುವುದೂ ಹೊಲಿಗೆಯಷ್ಟೇ ಮುಖ್ಯ. ಕಾರ್ಡಿನ ಸಾಲಿನಲ್ಲಿ ಆರ್‌ಸಿ, ಡಿಎಲ್. ಬಲಗಡೆ ಇನ್ಶೂರೆನ್ಸ್ ಮತ್ತು ಎಮಿಷನ್ ಸರ್ಟಿಫಿಕೇಟ್. ರಸ್ತೆಯಲ್ಲಿ ಕೇಳುವುದು ಈ ನಾಲ್ಕನ್ನೇ, ಹಾಗಾಗಿ ಆ ಜೇಬುಗಳಿಗೆ ಬೇರೇನೂ ಸೇರಿಸಬೇಡಿ. ಎಡಗಡೆ ಹಿಂದಿನ ಜೇಬಿಗೆ ಸರ್ವಿಸ್ ಬುಕ್, ಬಿಲ್ಲು. ಹೊಸ ಕಾರಿಗೆ ನೋಂದಣಿಯಾದ ಮೊದಲ ವರ್ಷ ಎಮಿಷನ್ ಸರ್ಟಿಫಿಕೇಟ್ ಬೇಕಿಲ್ಲ, ಆಮೇಲೆ ಬೇಕು. 2018ರ ಸೆಪ್ಟೆಂಬರ್‌ನಿಂದ ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ಇನ್ಶೂರೆನ್ಸ್ ಒಟ್ಟಿಗೇ ಮಾಡಿಸಬೇಕು. ನಮ್ಮ ಕಾರಿಗೆ ಆಗುವ ಹಾನಿಯದನ್ನು ಕೆಲವರು ವರ್ಷ ವರ್ಷ ಮಾಡಿಸುತ್ತಾರೆ, ಅಂಥವರ ಹತ್ತಿರ ಎರಡು ಕಾಗದ, ಎರಡು ಬೇರೆ ಬೇರೆ ತಾರೀಖು ಇರುತ್ತವೆ. ಹೊಸದು ಬಂದ ದಿನವೇ ಹಳೆಯದನ್ನು ತೆಗೆದು ಮನೆಯ ಫೈಲಿಗೆ ಹಾಕಿ. ಮುಗಿದ ತಾರೀಖಿನ ಹಾಳೆ ಮೇಲೆ ಬಂದು, ಹೊಸದು ಕೆಳಗೆ ಉಳಿದು ಸುಮ್ನೆ ಗಲಿಬಿಲಿ ಆಗುವುದು ಬೇಡ.

ಎಲ್ಲ ಫೋನಿನಲ್ಲೇ ಇದೆಯಲ್ಲ ಅಂತ ಈಗಿನ ಮಕ್ಕಳು ಕೇಳುತ್ತಾರೆ. ನಿಜ, 2018ರಿಂದಲೇ ಡಿಜಿಲಾಕರ್, ಎಂಪರಿವಾಹನ್ ಆಪ್‌ಗಳಲ್ಲಿ ತೋರಿಸಿದರೂ ನಡೆಯುತ್ತದೆ, ಅದನ್ನೂ ಮಾಡಿಟ್ಟುಕೊಳ್ಳಿ. ಆದರೆ ಚಾರ್ಮಾಡಿ ಘಾಟಿಯಲ್ಲಿ ಸಿಗ್ನಲ್ ಇಲ್ಲದಾಗ, ಬ್ಯಾಟರಿ ಮುಗಿದಾಗ, ಅಥವಾ ಬೇರೆ ಯಾರೋ ಕಾರು ಓಡಿಸುತ್ತಿರುವಾಗ ಕಾಗದವೇ ಗತಿ, ಅಲ್ವಾ?

ಇನ್ನು ಆ ಬೆರಳು ಕುಣಿಕೆ. ರಾತ್ರಿ ಕಾರು ನಿಲ್ಲಿಸಿದ ಮೇಲೆ ಫೋಲ್ಡರ್ ಮನೆಯೊಳಗೆ ಬರಲಿ, ಕೀ ಜೊತೆ ಅದೇ ಮೊಳೆಗೆ ನೇತುಹಾಕಿ. ಕಾರು ಕಳುವಾದರೆ ಆರ್‌ಸಿಯೂ ಅದರ ಜೊತೆ ಹೋಗುತ್ತದೆ, ಇನ್ಶೂರೆನ್ಸ್‌ನವರ ಮುಂದೆ ನಿಲ್ಲುವಾಗ ಅದೇ ಬೇಕು. ಆರ್‌ಸಿಯಲ್ಲಿ ಮನೆ ವಿಳಾಸವೂ ಇರುತ್ತದೆ. ಎರಡನೇ ಕೀಯನ್ನಂತೂ ಯಾವ ಕಾರಣಕ್ಕೂ ಇದರೊಳಗೆ ಇಡಬೇಡಿ.

ಒಂದು ಗಟ್ಟಿ ಕಾಗದದ ಮೇಲೆ ಬಾಲ್ ಪೆನ್ನಿನಿಂದ ತುರ್ತು ನಂಬರ್‌ಗಳನ್ನು ಬರೆದು ಕಾರ್ಡಿನ ಸಾಲಿನ ಹಿಂದಿರುವ ದೊಡ್ಡ ಜೇಬಿಗೆ ಸೇರಿಸಿ: 112, ಆಂಬುಲೆನ್ಸಿಗೆ 108, ರಾಷ್ಟ್ರೀಯ ಹೆದ್ದಾರಿಯ ಸಹಾಯಕ್ಕೆ 1033, ಇನ್ಶೂರೆನ್ಸ್ ಕಂಪನಿಯ ನಂಬರ್, ಮನೆಯವರ ರಕ್ತದ ಗುಂಪು. ಪೆಟ್ರೋಲ್ ಬಂಕಿನ ಚೀಟಿಯ ಹಾಗೆ ಬಿಸಿಗೆ ಅಚ್ಚಾಗುವ ಕಾಗದಗಳು ಕಾರಿನಲ್ಲಿ ಬೇಗ ಬೆಳ್ಳಗಾಗುತ್ತವೆ, ಬೇಕಾದ್ದಿದ್ದರೆ ಅವತ್ತೇ ಜೆರಾಕ್ಸ್ ಮಾಡಿಸಿ ಅಥವಾ ಫೋಟೋ ತೆಗೆದಿಡಿ.

ಮಲೆನಾಡು, ಕರಾವಳಿಯವರು ಮಳೆಗಾಲದಲ್ಲಿ ಇದನ್ನು ಕಾರಿನಲ್ಲೇ ಮುಚ್ಚಿಡಬೇಡಿ, ಬಟ್ಟೆ ತೇವ ಎಳೆದುಕೊಂಡು ಬೂಷ್ಟು ಹಿಡಿಯುತ್ತದೆ. ಹೊಸ ಚಪ್ಪಲಿ ಡಬ್ಬಿಯಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣ ಒಂದನ್ನು ಪೆನ್ನಿನ ಸಂದಿಗೆ ಹಾಕಿ, ಬಿಸಿಲು ಬಂದ ದಿನ ಫೋಲ್ಡರ್ ಖಾಲಿ ಮಾಡಿ ಒಣಹಾಕಿ. ಒಗೆಯುವಾಗ ತಣ್ಣೀರಲ್ಲಿ ಮೆತ್ತಗೆ ಉಜ್ಜಿ, ಹಿಂಡದೆ, ತೆರೆದ ಸ್ಥಿತಿಯಲ್ಲೇ ಚಾಪೆ ಮೇಲೆ ಹರಡಿ. ಪೂರ್ತಿ ಒಣಗುವ ಮುಂಚೆ, ಇನ್ನೂ ಸ್ವಲ್ಪ ಹಸಿ ಇರುವಾಗ ಇಸ್ತ್ರಿ ಹಾಕಿದರೆ ಬಕ್ರಂ ಮತ್ತೆ ಸೆಟೆದು ನಿಲ್ಲುತ್ತದೆ.