12ರಿಂದ 14 ವರ್ಷದವರ ಕಂಠಕ್ಕೆ ಗೆಳೆತನದ ಹಾಡು ಕಟ್ಟಿದ ನನ್ನ ಅನುಭವ

ಹದಿಹರೆಯಕ್ಕೆ ಆಗಷ್ಟೇ ಕಾಲಿಟ್ಟ ಮಕ್ಕಳ ಒಂದು ಗುಂಪಿಗೆ ಗೆಳೆತನದ ಹಾಡುಗಳನ್ನು ಬರೆದು, ರಾಗ ಹಾಕಿ, ಕಲಿಸುವ ಕೆಲಸವನ್ನು ನಾನು ಕೆಲವು ವರ್ಷಗಳಿಂದ ಮಾಡುತ್ತ ಬಂದಿದ್ದೇನೆ. ಮೊದಲ ಹಾಡು ಬರೆದಾಗ ಅದು ಬಹಳ ಚೆನ್ನಾಗಿ ಬಂದಿದೆಯೆಂದೇ ನಂಬಿದ್ದೆ. ಮರಳಿ ಬಾರದ ದಿನಗಳು, ಬರಿದಾದ ಆಟದ ಬಯಲು, ದಿಕ್ಕಿಗೊಬ್ಬರಂತೆ ಚದುರಿಹೋದ ಗೆಳೆಯರು ಎಲ್ಲವೂ ಅದರಲ್ಲಿದ್ದವು. ಎರಡು ವಾರ ಕಲಿಸಿದ ಮೇಲೆ ಹಿಂದಿನ ಸಾಲಿನ ಹುಡುಗನೊಬ್ಬ ಎದ್ದು ನಿಂತು, “ಸರ್, ನಮಗಿನ್ನೂ ಹದಿಮೂರು. ಕಳೆದುಹೋಗಿದ್ದು ಏನು ಅಂತ ನೆನೆಸಿಕೊಂಡು ಹಾಡಬೇಕು?” ಎಂದು ಕೇಳಿದ. ಅವನ ಪ್ರಶ್ನೆಯಲ್ಲಿ ಕುಚೋದ್ಯವೇನೂ ಇರಲಿಲ್ಲ. ನಾನು ಬರೆದದ್ದು ನಡುವಯಸ್ಸಿನವನೊಬ್ಬ ತನ್ನ ಹುಡುಗುತನಕ್ಕಾಗಿ ಹಂಬಲಿಸುವ ಹಾಡಾಗಿತ್ತು. ಆ ಹಂಬಲವನ್ನು, ಹುಡುಗುತನದೊಳಗೇ ಇರುವವರ ಬಾಯಲ್ಲಿ ಹೇಳಿಸಲು ಹೊರಟಿದ್ದೆ. ಆ ಹಾಡನ್ನು ಅಂದೇ ಕೈಬಿಟ್ಟೆ.

ಮುಂದಿನ ವಾರ ಎಲ್ಲರಿಗೂ ಒಂದೊಂದು ಚೀಟಿ ಕೊಟ್ಟು, ಹೆಸರು ಬರೆಯದೆ, ಗೆಳೆತನದಲ್ಲಿ ತಮಗೆ ತುಂಬ ನೋವಾದ ಅಥವಾ ತುಂಬ ಸಂತೋಷವಾದ ಒಂದೇ ಒಂದು ಸಂಗತಿಯನ್ನು ಬರೆಯಲು ಹೇಳಿದೆ. ಪ್ರಾಣಕ್ಕೆ ಪ್ರಾಣ ಕೊಡುವ ಮಾತು ಯಾವ ಚೀಟಿಯಲ್ಲೂ ಇರಲಿಲ್ಲ. ಗುಟ್ಟೊಂದು ಮೂರನೆಯವರಿಗೆ ತಿಳಿದುಹೋದದ್ದು, ಆಟಕ್ಕೆ ತಂಡ ಆರಿಸುವಾಗ ಕೊನೆಯವರೆಗೂ ತನ್ನ ಹೆಸರನ್ನು ಯಾರೂ ಕೂಗದೇ ಇದ್ದದ್ದು, ಅತ್ತಾಗ ಕಾರಣ ಕೇಳದೆ ಸುಮ್ಮನೆ ಪಕ್ಕದಲ್ಲಿ ಯಾರೋ ಕುಳಿತದ್ದು, ಹೀಗೆ ಎಲ್ಲವೂ ಹೊರಗಿನವರ ಕಣ್ಣಿಗೆ ಬೀಳದಷ್ಟು ಸಣ್ಣ ಸಂಗತಿಗಳು. ಒಂದು ಚೀಟಿಯಲ್ಲಂತೂ ಒಂದೇ ಸಾಲಿತ್ತು: “ನಾನು ಬರುವಷ್ಟರಲ್ಲಿ ಅವಳು ಪಕ್ಕದ ಜಾಗದಲ್ಲಿ ಬ್ಯಾಗ್ ಇಟ್ಟಿದ್ದಳು.” ಗೆಳೆತನವನ್ನು ಹೊಗಳುವ ಹಾಡು ಈ ವಯಸ್ಸಿನವರಿಗೆ ಬೇಕಿಲ್ಲ, ಗೆಳೆತನದೊಳಗೆ ನಡೆಯುವುದನ್ನು ಹೇಳುವ ಹಾಡು ಬೇಕು ಎಂಬುದು ನನಗೆ ಮನವರಿಕೆಯಾದದ್ದು ಆ ಸಾಲಿನಿಂದ.

ಹಾಡು ಆ ಬೆಂಚಿನಿಂದಲೇ ಶುರುವಾಗಲಿ ಎಂದುಕೊಂಡು ಬರೆಯಲು ಕುಳಿತಾಗ ಭಾಷೆಯೇ ಒಂದು ದಾರಿ ತೋರಿಸಿತು. ಗೆಳೆಯ, ಗೆಳತಿ, ಸ್ನೇಹ, ಜಗಳ, ಮುನಿಸು, ಮೌನ, ನೆನಪು, ಹರೆಯ ಎಂಬ ಮಾತುಗಳನ್ನು ಒಂದರ ಕೆಳಗೊಂದು ಬರೆದು ಮಾತ್ರೆ (ಒಂದು ಹ್ರಸ್ವಾಕ್ಷರವನ್ನು ನುಡಿಯಲು ಹಿಡಿಯುವ ಕಾಲ) ಎಣಿಸಿದರೆ ಪ್ರತಿಯೊಂದೂ ಮೂರು ಮಾತ್ರೆಯದು. ಅಂದರೆ ಈ ವಸ್ತುವಿಗೆ ಬೇಕಾದ ಪದಗಳಲ್ಲಿ ಬಹುಪಾಲು ತಾವಾಗಿಯೇ ಮೂರು ಮಾತ್ರೆಯ ನಡೆಯಲ್ಲಿ ಹೆಜ್ಜೆ ಹಾಕುತ್ತವೆ. ಹಳಗನ್ನಡದಿಂದ ಬಂದ ಛಂದಸ್ಸಾದ ಉತ್ಸಾಹ ರಗಳೆಯ ಗಣಗಳೂ (ಸಾಲಿನೊಳಗಿನ ತುಂಡುಗಳೂ) ಮೂರು ಮಾತ್ರೆಯವೇ ಆದ್ದರಿಂದ ಕನ್ನಡದ ಕಿವಿಗೆ ಈ ನಡೆ ಹೊಸದೂ ಅಲ್ಲ. ನಾನು ಮೊದಲು ನಾಲ್ಕು ಮಾತ್ರೆಯ ನಡೆಯಲ್ಲಿ ಬರೆಯುತ್ತಿದ್ದಾಗ ಪದಗಳ ಬಾಲಕ್ಕೆ ‘ನು’, ‘ವು’ ಸೇರಿಸಿ ತುಂಬಿಸಬೇಕಾಗುತ್ತಿತ್ತು, ಮಕ್ಕಳು ಎಡವುತ್ತಿದ್ದುದೂ ಸರಿಯಾಗಿ ಆ ತುಂಬಿಸಿದ ಜಾಗಗಳಲ್ಲೇ. ನಡೆಯನ್ನು ಬದಲಿಸಿದ ಮೇಲೆ ಪಲ್ಲವಿ ಹೀಗೆ ಬಂತು:

ನಿನ್ನೆ ಜಗಳ ನಿನ್ನೆಗಾಯ್ತು,
ಮುಖವ ತಿರುಗಿಸದಿರು, ಬಾ;
ಬೆಂಚಿನಲ್ಲಿ ಜಾಗ ಉಂಟು,
ಮಾತು ಬೇಡ, ಕೂರು, ಬಾ.

ಈ ನಾಲ್ಕು ಸಾಲು ಒಮ್ಮೆಗೇ ಬಂದದ್ದಲ್ಲ. ಎರಡನೆಯ ಸಾಲಿನಲ್ಲಿ ಮೊದಲು “ಕೈ ಕೊಡು” ಎಂದಿತ್ತು. ಕಾಗದದ ಮೇಲೆ ಅದು ಸೊಗಸಾಗಿಯೇ ಕಾಣುತ್ತಿತ್ತು, ಆದರೆ ಹಾಡಿಸಿದೊಡನೆ ಇಡೀ ಗುಂಪು ನಕ್ಕಿತು. ನಂಬಿದವರನ್ನು ನಡುದಾರಿಯಲ್ಲಿ ಬಿಟ್ಟು ಹೋಗುವುದಕ್ಕೂ ಕೈಕೊಡುವುದು ಎಂದೇ ಹೇಳುತ್ತೇವಲ್ಲ. ಗೆಳೆತನದ ಹಾಡಿನಲ್ಲಿ ಅದಕ್ಕಿಂತ ತಪ್ಪಾದ ಮಾತು ಮತ್ತೊಂದಿರಲಾರದು. ಅಷ್ಟೇ ಅಲ್ಲ, ರಾಗ ನಿಲ್ಲುವ ಜಾಗದಲ್ಲಿ ಆ ಮಾತು ಬಂದದ್ದರಿಂದ ಹ್ರಸ್ವವಾದ ‘ಕೊ’ ಎಳೆದು ‘ಕೋ’ ಆಗಿ, ‘ಕೊಡು’ ಎಂಬುದು ‘ಕೋಡು’ ಎಂದು ಕೇಳಿಸುತ್ತಿತ್ತು. ಕನ್ನಡದಲ್ಲಿ ಹ್ರಸ್ವ ದೀರ್ಘಗಳಿಂದ ಅರ್ಥವೇ ಬದಲಾಗುವುದರಿಂದ, ರಾಗವನ್ನು ಎಳೆಯುವ ಜಾಗದಲ್ಲಿ ದೀರ್ಘಾಕ್ಷರವೇ ಇರಬೇಕೆಂಬ ನಿಯಮವನ್ನು ನಾನು ಅಂದಿನಿಂದ ಬಿಟ್ಟಿಲ್ಲ. ‘ಬಾ’ ಆ ಜಾಗಕ್ಕೆ ಹೇಳಿ ಮಾಡಿಸಿದಂತಿದೆ: ಬಾಯಿ ಪೂರ್ತಿ ತೆರೆಯುತ್ತದೆ, ಎಷ್ಟು ಹೊತ್ತು ಹಿಡಿದರೂ ಅರ್ಥ ಕೆಡುವುದಿಲ್ಲ.

‘ಬಾ’, ‘ಕೂರು’ ಎಂಬ ಮಾತುಗಳಿಂದ ಇನ್ನೊಂದು ತೊಡಕೂ ಬಗೆಹರಿಯಿತು. ಹುಡುಗ ಹುಡುಗಿಯರು ಒಟ್ಟಿಗೆ ಹಾಡುವ ಗುಂಪಿನಲ್ಲಿ “ಗೆಳೆಯಾ” ಎಂದು ಕರೆಯುವ ಸಾಲು ಬಂದೊಡನೆ ಹುಡುಗಿಯರ ದನಿ ಇಳಿಯುತ್ತಿತ್ತು, “ಗೆಳತೀ” ಎಂದಾಗ ಹುಡುಗರು ಒಬ್ಬರನ್ನೊಬ್ಬರು ತಿವಿಯುತ್ತಿದ್ದರು. ಆ ವಯಸ್ಸಿನಲ್ಲಿ ಪ್ರೇಮಗೀತೆಯ ನೆರಳು ಸುಳಿದರೂ ಸಾಕು, ಗೆಳೆತನದ ಹಾಡು ನಿಂತುಹೋಗುತ್ತದೆ. ಕನ್ನಡದ ಕ್ರಿಯಾಪದವು ಪ್ರಥಮ ಪುರುಷದಲ್ಲಿ ಬಂದನು, ಬಂದಳು ಎಂದು ಲಿಂಗವನ್ನು ಹೇಳಿಬಿಡುತ್ತದೆ, ಆದರೆ ಬಂದೆ, ಬಂದೆಯಾ, ಬಾ ಎಂಬಲ್ಲಿ ಹೇಳುವುದಿಲ್ಲ. ಆದ್ದರಿಂದ ಈ ಗುಂಪಿಗೆ ಬರೆಯುವ ಹಾಡುಗಳನ್ನೆಲ್ಲ ನಾನು–ನೀನು ಎಂಬ ಮಾತುಕತೆಯಲ್ಲಿಯೇ ಬರೆಯುತ್ತೇನೆ. ಯಾರು ಯಾರನ್ನು ನೆನೆದು ಹಾಡಿದರೂ ಅದು ಒಪ್ಪುತ್ತದೆ, ಯಾರೂ ಯಾರನ್ನೂ ಕೆಣಕುವ ಪ್ರಸಂಗ ಬರುವುದಿಲ್ಲ.

ಪದಗಳಿಗಿಂತ ಹೆಚ್ಚು ಕಾಲ ತೆಗೆದುಕೊಂಡದ್ದು ರಾಗ. ಈ ವಯಸ್ಸಿನಲ್ಲಿ ಧ್ವನಿಪೆಟ್ಟಿಗೆ ಬೆಳೆಯುತ್ತದೆ, ಧ್ವನಿತಂತುಗಳು ಉದ್ದವೂ ದಪ್ಪವೂ ಆಗುತ್ತವೆ. ಹುಡುಗರ ದನಿ ಕೊನೆಗೆ ಸುಮಾರು ಒಂದು ಸ್ಥಾಯಿಯಷ್ಟು, ಅಂದರೆ ಒಂದು ‘ಸ’ದಿಂದ ಮುಂದಿನ ‘ಸ’ದವರೆಗಿನ ಅಂತರದಷ್ಟು, ಕೆಳಗಿಳಿಯುತ್ತದೆ. ಹುಡುಗಿಯರ ದನಿಯೂ ಒಂದಿಷ್ಟು ಇಳಿಯುತ್ತದೆ, ಮತ್ತು ಕೆಲಕಾಲ ಅದರಲ್ಲಿ ಉಸಿರು ಸೋರಿದಂತೆ ಕೇಳಿಸುತ್ತದೆ. ಇದನ್ನು ಅರಿಯದೆ ನಾನು ಮೊದಲ ಹಾಡಿನ ಪಲ್ಲವಿಯನ್ನು ತಾರ ಷಡ್ಜದವರೆಗೂ (ಮೇಲಿನ ‘ಸ’ದವರೆಗೂ) ಏರಿಸಿದ್ದೆ. ಹಿಂದಿನ ವರ್ಷ ಎಲ್ಲರಿಗಿಂತ ಚೆನ್ನಾಗಿ ಹಾಡುತ್ತಿದ್ದ ಹುಡುಗ ಅಲ್ಲಿಗೆ ಬಂದಾಗ ದನಿ ಒಡೆದು, ತುಟಿ ಮಾತ್ರ ಆಡಿಸಲು ಶುರುಮಾಡಿದ. ನನಗೆ ಅದು ಗೊತ್ತಾಗಬಾರದೆಂದು ಅವನು ಮುಖವನ್ನು ಪುಸ್ತಕದ ಹಿಂದೆ ಹಿಡಿದುಕೊಂಡದ್ದನ್ನು ನಾನು ಮರೆತಿಲ್ಲ. ದನಿ ಒಡೆಯುವುದು ದೇಹದ ಬೆಳವಣಿಗೆಯೇ ಹೊರತು ಅವನ ತಪ್ಪಲ್ಲ ಎಂದು ಯಾರಾದರೂ ಮೊದಲೇ ಹೇಳಬೇಕಿತ್ತು, ಹೇಳಬೇಕಾದವನು ನಾನೇ.

ಹೊಸ ಹಾಡಿನ ಪಲ್ಲವಿಯನ್ನು ಷಡ್ಜದಿಂದ ಧೈವತದವರೆಗಿನ (ಸ ರಿ ಗ ಮ ಪ ದ) ಆರು ಸ್ವರಗಳೊಳಗೆ ಕಟ್ಟಿದೆ. ದನಿ ಬದಲಾಗುತ್ತಿರುವ ನಡುವಿನ ತಿಂಗಳುಗಳಲ್ಲಿ ಕೆಲವರಿಗೆ ನಿರಾಯಾಸವಾಗಿ ಸಿಗುವುದು ಅಷ್ಟೇ ಸ್ವರಗಳು. ಏರುವುದನ್ನೆಲ್ಲ ಚರಣಕ್ಕೆ ಬಿಟ್ಟು, ಚರಣವನ್ನು ಎರಡು ಗುಂಪುಗಳಿಗೆ ಹಂಚಿದೆ. ಮೇಲಿನ ಸಾಲನ್ನು ದನಿ ಇನ್ನೂ ತಿಳಿಯಾಗಿರುವವರು ಹಾಡುತ್ತಾರೆ, ಅದಕ್ಕೆ ಉತ್ತರವಾಗಿ ಬರುವ ಸಾಲನ್ನು ದನಿ ಇಳಿದವರು ಕೆಳಗಿನ ಸ್ಥಾಯಿಯಲ್ಲಿ ಹಾಡುತ್ತಾರೆ. ಹೀಗೆ ಹಂಚಿದಾಗ ನಾನು ಎಣಿಸದಿದ್ದ ಒಂದು ಫಲ ದೊರೆಯಿತು: ಹಾಡು ನಿಜವಾಗಿಯೂ ಇಬ್ಬರು ಜಗಳವಾಡಿ ರಾಜಿಯಾಗುವ ಮಾತಿನಂತೆ ಕೇಳಿಸತೊಡಗಿತು, ಪುಸ್ತಕದ ಹಿಂದೆ ಅಡಗುತ್ತಿದ್ದ ಹುಡುಗನ ಒರಟಾದ ಹೊಸ ದನಿಗೆ ಅದರಲ್ಲಿ ತನ್ನದೇ ಸಾಲು ಸಿಕ್ಕಿತು. ಶ್ರುತಿಯನ್ನು ಮಾತ್ರ ನಾನೇ ನಿರ್ಧರಿಸುವುದನ್ನು ಬಿಟ್ಟಿದ್ದೇನೆ. ಪ್ರತಿಯೊಬ್ಬರಿಗೂ ಪಲ್ಲವಿಯ ಮೊದಲ ಸಾಲನ್ನು ತಮಗೆ ಹಿತವಾದ ಎತ್ತರದಲ್ಲಿ ಗುನುಗಲು ಹೇಳಿ, ಹೆಚ್ಚು ಮಂದಿಗೆ ಒಪ್ಪುವ ಜಾಗವನ್ನು ಆರಿಸಿಕೊಳ್ಳುತ್ತೇನೆ, ಸುಮಾರು ಮೂರು ತಿಂಗಳಿಗೊಮ್ಮೆ ಅದನ್ನು ಮತ್ತೆ ನೋಡುತ್ತೇನೆ. ಅಷ್ಟರಲ್ಲಿ ಒಬ್ಬಿಬ್ಬರು ಮೇಲಿನ ಗುಂಪಿನಿಂದ ಕೆಳಗಿನ ಗುಂಪಿಗೆ ಬಂದೇ ಇರುತ್ತಾರೆ.

ಗೆಳೆಯರು ಊರು ಬಿಟ್ಟು ಹೋಗುವುದನ್ನು ಕುರಿತು ಇನ್ನೊಂದು ಚರಣ ಬೇಕೆಂದು ಮಕ್ಕಳು ಕೇಳಿದರು. ಮೂರು ಸಲ ಬರೆದೆ, ಮೂರು ಸಲವೂ ಅದು ನನ್ನ ವಯಸ್ಸಿನ ಹಾಡಾಗಿಯೇ ಬಂತು. ಆದ್ದರಿಂದ ಚೀಟಿಗಳನ್ನು ಮತ್ತೆ ಹಂಚಿದ್ದೇನೆ. ಈ ಬಾರಿ ಮೂರು ಮಾತ್ರೆಯ ಮಾತುಗಳನ್ನು ಬೆರಳಲ್ಲಿ ಎಣಿಸುವುದನ್ನೂ ಕಲಿಸಿ, ಚರಣವನ್ನು ಅವರೇ ಬರೆಯಲೆಂದು ಬಿಟ್ಟಿದ್ದೇನೆ. ಈವರೆಗೆ ಕೈಗೆ ಬಂದಿರುವುದು ಎರಡು ಸಾಲು. ಒಂದರಲ್ಲಿ ಒಂದು ಮಾತ್ರೆ ಹೆಚ್ಚಾಗಿದೆ. ಅದನ್ನು ನಾನು ತಿದ್ದಿಲ್ಲ, ಬರೆದ ಹುಡುಗಿ ಮುಂದಿನ ತರಗತಿಯಲ್ಲಿ ತಾನೇ ಹಾಡಿ ನೋಡಿ ತಿದ್ದುತ್ತೇನೆಂದು ಹೇಳಿದ್ದಾಳೆ.